ಹಳೆಯ ಲಾರಿಯ ನೀಲಿ ಹೊಗೆ: ಎಂಜಿನ್ ಬಿಚ್ಚುವ ಮುನ್ನ ತಿಳಿಯಬೇಕಾದ ಸಂಗತಿಗಳು

ಬಳ್ಳಾರಿ: ಸಿರುಗುಪ್ಪದ ಅಕ್ಕಿ ಗಿರಣಿಗಳ ಮುಂದೆ ಭತ್ತದ ಕಟಾವಿನ ಕಾಲದಲ್ಲಿ ಸಾಲುಗಟ್ಟಿ ನಿಲ್ಲುವ ಲಾರಿಗಳಲ್ಲಿ, ಕುರುಗೋಡು ಭಾಗದಿಂದ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಯ ಮಾರುಕಟ್ಟೆಗೆ ಹೊರಡುವ ಲಾರಿಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದ ವಾಹನಗಳು ಇಂದಿಗೂ ಕಾಣಸಿಗುತ್ತವೆ. ಇವುಗಳ ಪೈಕಿ ಕೆಲವು ನೀಲಿ ಬಣ್ಣದ ಹೊಗೆ ಉಗುಳುತ್ತ ಸಾಗುತ್ತವೆ. ಹಿಂದೆ ಬರುವ ದ್ವಿಚಕ್ರ ಸವಾರನಿಗೆ ಅದು ಕಣ್ಣುರಿ. ಲಾರಿಯ ಮಾಲೀಕನಿಗೆ ಅದು ಎಂಜಿನ್ ನೀಡುತ್ತಿರುವ ಮುನ್ಸೂಚನೆ.

ನೀಲಿ ಹೊಗೆ ಕಂಡೊಡನೆ ‘ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು’ ಎಂಬ ತೀರ್ಮಾನ ಹೊರಬೀಳುವುದು ಸಾಮಾನ್ಯ. ಒಂದೇ ಲಾರಿಯನ್ನು ನಂಬಿ ಬದುಕುವ ಮಾಲೀಕ ಚಾಲಕನಿಗೆ ಈ ಮಾತು ಸಾಲದ ಹೊರೆಯನ್ನೂ, ವಾರಗಟ್ಟಲೆ ಬಾಡಿಗೆ ತಪ್ಪುವುದನ್ನೂ ಸೂಚಿಸುತ್ತದೆ. ಆದರೆ ನೀಲಿ ಹೊಗೆಗೆ ಕಾರಣ ಒಂದೇ ಅಲ್ಲ. ಅವುಗಳಲ್ಲಿ ಕೆಲವು ಒಂದು ಕೊಳವೆಯನ್ನು ಸ್ವಚ್ಛಗೊಳಿಸಿದರೆ ನಿವಾರಣೆಯಾಗುವಂಥವು. ಇನ್ನು ಕೆಲವು ನಿಜಕ್ಕೂ ಎಂಜಿನ್ ಬಿಚ್ಚಿಯೇ ಸರಿಪಡಿಸಬೇಕಾದಂಥವು. ಯಾವುದು ಯಾವುದೆಂದು ಕ್ರಮವಾಗಿ ಪತ್ತೆಹಚ್ಚುವುದೇ ಇಲ್ಲಿನ ಮುಖ್ಯ ಪ್ರಶ್ನೆ.

ಮೂರು ಬಣ್ಣ, ಮೂರು ಅರ್ಥ

ಡೀಸೆಲ್ ಎಂಜಿನ್ನಿನ ಹೊಗೆಯನ್ನು ಬಣ್ಣದಿಂದ ಗುರುತಿಸುವುದು ಹಳೆಯ ಪದ್ಧತಿ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲದಾಗಿದೆ ಎಂದರ್ಥ. ಇಂಧನ ಪೂರ್ಣ ಉರಿಯದೆ ಮಸಿಯಾಗಿ ಹೊರಬರುತ್ತದೆ. ಬಿಳಿ ಹೊಗೆ ಎಂದರೆ ಉರಿಯದ ಡೀಸೆಲ್‌ನ ಆವಿ ಅಥವಾ ರೇಡಿಯೇಟರ್ ನೀರು ಸಿಲಿಂಡರ್ ಸೇರಿರುವ ಲಕ್ಷಣ. ನೀಲಿ ಹೊಗೆ ಮಾತ್ರ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಅರೆಬರೆ ಉರಿದ ಎಣ್ಣೆ ಅತಿ ಸೂಕ್ಷ್ಮ ಹನಿಗಳಾಗಿ ಹೊರಬೀಳುತ್ತದೆ. ಈ ಹನಿಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಚದುರಿಸುವುದರಿಂದ ಹೊಗೆ ನೀಲಿಯಾಗಿ ಕಾಣುತ್ತದೆ.

ಕಣ್ಣು ಮೋಸಹೋಗುವ ಸಂದರ್ಭವೂ ಉಂಟು. ಚಳಿಗಾಲದ ಮುಂಜಾನೆ ಎಂಜಿನ್ ತಣ್ಣಗಿರುವಾಗ ಬರುವ ಬಿಳಿ ಹೊಗೆ ಎಳೆಬಿಸಿಲಿನಲ್ಲಿ ನೀಲಿಯಂತೆ ತೋರುವುದುಂಟು. ಆಗ ಮೂಗಿನ ಸಹಾಯ ಪಡೆಯಬೇಕು. ಉರಿಯದ ಡೀಸೆಲ್ ಕಣ್ಣು ಮೂಗನ್ನು ಚುಚ್ಚುತ್ತದೆ. ಉರಿದ ಆಯಿಲ್‌ನ ವಾಸನೆ ಬಾಣಲೆಯಲ್ಲಿ ಸೀದ ಎಣ್ಣೆಯಂತೆ ಭಾರವಾಗಿರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಬಣ್ಣ ಉಳಿದರೆ ಮಾತ್ರ ಅದನ್ನು ನೀಲಿ ಹೊಗೆ ಎಂದು ಪರಿಗಣಿಸುವುದು ಸುರಕ್ಷಿತ.

ಜಿಲ್ಲೆಯ ಧೂಳು, ಜಿಲ್ಲೆಯ ದುಡಿಮೆ

ಬಳ್ಳಾರಿ ಜಿಲ್ಲೆಯ ಹಳೆಯ ಲಾರಿಗಳಿಗೆ ತಮ್ಮದೇ ಆದ ಇತಿಹಾಸವಿದೆ. 2000ದ ದಶಕದಲ್ಲಿ ಕಬ್ಬಿಣದ ಅದಿರಿನ ಬೇಡಿಕೆ ಏರಿದಾಗ ಸಂಡೂರು, ಹೊಸಪೇಟೆ, ಬಳ್ಳಾರಿ ರಸ್ತೆಗಳಲ್ಲಿ ಹಗಲಿರುಳು ಅದಿರು ಲಾರಿಗಳು ಓಡಿದವು. ಸಾಲ ಮಾಡಿ ಲಾರಿ ಕೊಂಡವರು ಅನೇಕರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿದ ಬಳಿಕ ಆ ಲಾರಿಗಳಿಗೆ ಕೆಲಸವಿಲ್ಲದಂತಾಯಿತು. ಗಣಿಗಳು ಹಂತ ಹಂತವಾಗಿ ಪುನಃ ಆರಂಭವಾಗುವವರೆಗೆ ಎಷ್ಟೋ ವಾಹನಗಳು ನಿಂತಲ್ಲೇ ನಿಂತವು, ಕೆಲವು ಕೈ ಬದಲಾಗಿ ಭತ್ತ, ಮರಳು, ಇಟ್ಟಿಗೆ ಸಾಗಣೆಗೆ ಇಳಿದವು.

ಎಂಜಿನ್ನಿನ ದೃಷ್ಟಿಯಿಂದ ಈ ಎರಡೂ ಸ್ಥಿತಿ ಹಾನಿಕರ. ಅದಿರಿನ ಕೆಂಪು ಧೂಳು ಗಟ್ಟಿಯಾದ ಕಣಗಳಿಂದ ಕೂಡಿದ್ದು, ಏರ್ ಫಿಲ್ಟರ್ ಸೀಳಿದ್ದರೆ ಅಥವಾ ರಬ್ಬರ್ ಹೋಸ್‌ನ ಕ್ಲಿಪ್ ಸಡಿಲವಾಗಿದ್ದರೆ ನೇರವಾಗಿ ಸಿಲಿಂಡರ್ ಸೇರಿ ರಿಂಗ್ ಹಾಗೂ ಲೈನರ್‌ಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ. ತಿಂಗಳುಗಟ್ಟಲೆ ನಿಂತ ಲಾರಿಯಲ್ಲಿ ರಿಂಗ್‌ಗಳು ಪಿಸ್ಟನ್ನಿನ ಗಾಡಿಯಲ್ಲಿ ಅಂಟಿಕೊಳ್ಳುತ್ತವೆ, ರಬ್ಬರ್ ಸೀಲ್‌ಗಳು ಗಡುಸಾಗುತ್ತವೆ. ಸಿರುಗುಪ್ಪದ ಗಿರಣಿಗಳ ಸುತ್ತ ಹಾರುವ ಭತ್ತದ ಹೊಟ್ಟಿನ ಧೂಳು ರೇಡಿಯೇಟರ್‌ನ ಸಂದುಗಳನ್ನು ಮುಚ್ಚಿ ಎಂಜಿನ್ ಕಾವೇರಲು ದಾರಿ ಮಾಡುತ್ತದೆ. ಸರದಿಗಾಗಿ ಕಾಯುವಾಗ ಎಂಜಿನ್ನನ್ನು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡುವ ರೂಢಿಯೂ ಒಳ್ಳೆಯದಲ್ಲ. ಕಡಿಮೆ ಒತ್ತಡದಲ್ಲಿ ರಿಂಗ್‌ಗಳು ಲೈನರ್‌ಗೆ ಬಿಗಿಯಾಗಿ ಒತ್ತಿಕೊಳ್ಳದೆ ಲೈನರ್‌ನ ಒಳಮೈ ಗಾಜಿನಂತೆ ನುಣುಪಾಗುತ್ತದೆ. ನುಣುಪಾದ ಮೈಯಲ್ಲಿ ಎಣ್ಣೆಯ ಪದರ ಹತೋಟಿಗೆ ಸಿಗುವುದಿಲ್ಲ.

ಆಯಿಲ್ ಒಳಸೇರುವ ದಾರಿಗಳು

ಸಂಪಿನಲ್ಲಿರಬೇಕಾದ ಆಯಿಲ್ ಉರಿಯುವ ಕೋಣೆಗೆ ಸೇರಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಕೆಳಗಿನಿಂದ. ಪಿಸ್ಟನ್ ರಿಂಗ್‌ಗಳು ಸವೆದಾಗ, ಮುರಿದಾಗ ಅಥವಾ ಅಂಟಿಕೊಂಡಾಗ ಲೈನರ್‌ಗೆ ಹತ್ತಿದ ಎಣ್ಣೆಯನ್ನು ಪೂರ್ತಿ ಕೆರೆದು ಕೆಳಗಿಳಿಸಲಾರವು. ಇದರ ಜೊತೆಗೇ ಉರಿದ ಅನಿಲ ಕೆಳಗೆ ಸಂಪಿಗೆ ನುಗ್ಗುತ್ತದೆ. ಗ್ಯಾರೇಜುಗಳ ಭಾಷೆಯಲ್ಲಿ ಇದಕ್ಕೆ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ.

ಎರಡನೆಯದು ಮೇಲಿನಿಂದ. ಹೆಡ್‌ನಲ್ಲಿರುವ ವಾಲ್ವ್ ಗೈಡ್‌ಗಳು ಅಗಲವಾದಾಗ, ಅವುಗಳ ಸೀಲ್‌ಗಳು ಗಡುಸಾದಾಗ ಆಯಿಲ್ ವಾಲ್ವ್‌ನ ಕಾಂಡದ ಗುಂಟ ಇಳಿಯುತ್ತದೆ. ಕೆಲವು ಹಳೆಯ ಎಂಜಿನ್‌ಗಳಲ್ಲಿ ಸೀಲ್ ಇರುವುದೇ ಇಲ್ಲ. ಅಲ್ಲಿ ಗೈಡ್‌ನ ಬಿಗಿತವೇ ಆಧಾರ.

ಮೂರನೆಯದು ಗಾಳಿಯ ದಾರಿಯಿಂದ. ಇದರಲ್ಲಿ ಟರ್ಬೋಚಾರ್ಜರ್ ಪಾತ್ರ ಪ್ರಧಾನ. ನಿಮಿಷಕ್ಕೆ ಲಕ್ಷದಷ್ಟು ಸುತ್ತು ತಿರುಗಬಲ್ಲ ಟರ್ಬೋದ ಶಾಫ್ಟ್‌ಗೆ ಎಂಜಿನ್ ಆಯಿಲ್ಲೇ ಆಧಾರ. ಅಲ್ಲಿನ ಸೀಲ್ ರಬ್ಬರಿನದಲ್ಲ; ಸಣ್ಣ ಲೋಹದ ರಿಂಗ್. ಎಣ್ಣೆ ತನ್ನ ಭಾರದಿಂದ ಡ್ರೈನ್ ಕೊಳವೆಯ ಮೂಲಕ ಸಂಪಿಗೆ ಸರಾಗವಾಗಿ ಇಳಿದರೆ ಮಾತ್ರ ಆ ಸೀಲ್ ಕೆಲಸ ಮಾಡುತ್ತದೆ. ಡ್ರೈನ್ ಕೊಳವೆ ಕಟ್ಟಿಕೊಂಡಿದ್ದರೆ, ಅಥವಾ ಎಂಜಿನ್ನಿನ ಉಸಿರುಕೊಳವೆಯಾದ ಬ್ರೀದರ್ ಮುಚ್ಚಿ ಸಂಪಿನೊಳಗೆ ಒತ್ತಡ ಹೆಚ್ಚಿದ್ದರೆ, ಟರ್ಬೋ ಹೊಸದಾಗಿದ್ದರೂ ಆಯಿಲ್ ಸೋರುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡಾಗಲೂ ಟರ್ಬೋದ ಗಾಳಿಚಕ್ರದ ಬದಿಯಲ್ಲಿ ಸೆಳೆತ ಹೆಚ್ಚಿ ಆಯಿಲ್ ಹೀರಲ್ಪಡುತ್ತದೆ.

ಟರ್ಬೋ ಇಲ್ಲದ ಇನ್ನೂ ಹಳೆಯ ಲಾರಿಗಳಲ್ಲಿ ಎಣ್ಣೆ ತುಂಬಿದ ಏರ್ ಕ್ಲೀನರ್ ಇರುತ್ತದೆ. ಧೂಳು ಹೆಚ್ಚೆಂದು ಅದರ ಬಟ್ಟಲಿಗೆ ಗುರುತಿಗಿಂತ ಮೇಲಕ್ಕೆ ಎಣ್ಣೆ ಸುರಿದರೆ ಎಂಜಿನ್ ಆ ಎಣ್ಣೆಯನ್ನೇ ಹೀರುತ್ತದೆ. ಸಂಪಿನ ಆಯಿಲ್ ಮಟ್ಟ ಕಡಿಮೆಯಾಗದೆ ನೀಲಿ ಹೊಗೆ ಬರುತ್ತಿದ್ದರೆ ಮೊದಲು ನೋಡಬೇಕಾದುದು ಈ ಬಟ್ಟಲನ್ನು.

ಇವುಗಳಲ್ಲದೆ ಮರೆತುಹೋಗುವ ಕಾರಣ ಮತ್ತೊಂದಿದೆ. ಹಳೆಯ ಲಾರಿಗಳ ಇನ್‌ಲೈನ್ ಡೀಸೆಲ್ ಪಂಪಿಗೆ ಎಂಜಿನ್ ಆಯಿಲ್ಲೇ ಹರಿಯುವ ವ್ಯವಸ್ಥೆ ಸಾಮಾನ್ಯ. ಪಂಪಿನ ಭಾಗಗಳು ಸವೆದಾಗ ಡೀಸೆಲ್ ಸಂಪಿಗೆ ಸೋರಿ ಆಯಿಲ್ ತೆಳುವಾಗುತ್ತದೆ, ಮಟ್ಟವೂ ಏರುತ್ತದೆ. ತೆಳುವಾದ ಆಯಿಲ್ ಸುಲಭವಾಗಿ ರಿಂಗ್ ದಾಟುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ ದೋಷ ಪಂಪಿನದೆಂದು ಶಂಕಿಸಬೇಕು.

ಹೊಗೆ ಯಾವಾಗ ಬರುತ್ತದೆ?

ಅನುಭವಿ ಮೇಸ್ತ್ರಿಗಳು ಸ್ಪ್ಯಾನರ್ ಹಿಡಿಯುವ ಮೊದಲು ಚಾಲಕನನ್ನು ಕೇಳುವ ಪ್ರಶ್ನೆ ಇದೇ. ರಾತ್ರಿ ನಿಂತ ಲಾರಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ನಿಂತರೆ ವಾಲ್ವ್ ಸೀಲ್, ಗೈಡ್‌ಗಳ ಮೇಲೆ ಅನುಮಾನ. ರಾತ್ರಿಯಿಡೀ ತೊಟ್ಟಿಕ್ಕಿದ ಎಣ್ಣೆ ಮೊದಲ ಉರಿಯಲ್ಲಿ ಸುಟ್ಟುಹೋಗುತ್ತದೆ. ಲೋಡ್ ಹೇರಿ ಏರು ಹತ್ತುವಾಗ, ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಹೆಚ್ಚುತ್ತಿದ್ದರೆ ರಿಂಗ್, ಲೈನರ್‌ಗಳ ಕಡೆ ನೋಡಬೇಕು. ಬಹಳ ಹೊತ್ತು ಐಡ್ಲಿಂಗ್‌ನಲ್ಲಿದ್ದು ಹೊರಟ ಕೂಡಲೇ ಒಂದು ದೊಡ್ಡ ಮೋಡದಂತೆ ಬಂದು ಆಮೇಲೆ ಇಳಿದರೆ ಟರ್ಬೋ ಅಥವಾ ಗೈಡ್ ಕಾರಣವಿರಬಹುದು.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಪುನಃ ಒತ್ತಿದಾಗ ಹೊಗೆ ಬಂದರೆ ಅದು ಗೈಡ್‌ನದೇ ಎಂಬ ಮಾತು ಪೆಟ್ರೋಲ್ ಕಾರುಗಳ ಮಟ್ಟಿಗೆ ಸರಿ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡ ಮುಚ್ಚಳವಿಲ್ಲದ ಕಾರಣ ಅಷ್ಟು ಸೆಳೆತ ಉಂಟಾಗುವುದಿಲ್ಲ. ಆದ್ದರಿಂದ ಲಾರಿಗಳಲ್ಲಿ ಈ ಒಂದೇ ಲಕ್ಷಣ ನಂಬಿ ಹೆಡ್ ಇಳಿಸುವುದು ಜಾಣತನವಲ್ಲ.

ಪರೀಕ್ಷೆಯ ಕ್ರಮ

ಕಡಿಮೆ ಖರ್ಚಿನ ಪರೀಕ್ಷೆಯಿಂದ ಆರಂಭಿಸಿ ಹಂತ ಹಂತವಾಗಿ ಮೇಲೇರುವುದು ಸರಿಯಾದ ವಿಧಾನ.

1. ಲೆಕ್ಕ: ಸಮತಟ್ಟಾದ ನೆಲದಲ್ಲಿ ಲಾರಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಆಯಿಲ್ ಕೆಳಗಿಳಿಯಲು ಸಮಯ ಕೊಟ್ಟು ಮಟ್ಟ ನೋಡಬೇಕು. ಗುರುತಿಗಿಂತ ಹೆಚ್ಚಿದ್ದರೆ ಅದೇ ಕಾರಣವಾಗಿರಬಹುದು. ಬಳಿಕ ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಸುರಿಯಲಾಯಿತು ಎಂಬುದನ್ನು ಬರೆದಿಡಬೇಕು. 500 ಕಿ.ಮೀ.ಗೆ ಒಂದು ಲೀಟರ್ ಕುಡಿಯುವ ಲಾರಿ ತಿಂಗಳಿಗೆ 5,000 ಕಿ.ಮೀ. ಓಡಿದರೆ 10 ಲೀಟರ್, ವರ್ಷಕ್ಕೆ 120 ಲೀಟರ್ ಆಯಿಲ್ ಹೊಗೆಯಾಗಿ ಹೋಗುತ್ತದೆ. ದುರಸ್ತಿಯ ಖರ್ಚನ್ನು ಅಳೆಯಲು ಈ ಲೆಕ್ಕಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ಹಳೆಯ ಎಂಜಿನ್ ಸ್ವಲ್ಪ ಆಯಿಲ್ ಬಳಸುವುದು ಸಹಜ. ಮಿತಿ ಎಷ್ಟೆಂಬುದಕ್ಕೆ ಆಯಾ ವಾಹನದ ಕೈಪಿಡಿಯೇ ಪ್ರಮಾಣ.

2. ಸೋರಿಕೆ: ಆಯಿಲ್ ಕಡಿಮೆಯಾಗುವುದೆಲ್ಲ ಉರಿದೇ ಹೋಗುವುದಿಲ್ಲ. ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್‌ಗಳ ಸೋರಿಕೆ ನೋಡಬೇಕು. ಬ್ರೇಕಿನ ಏರ್ ಟ್ಯಾಂಕಿನ ಡ್ರೈನ್ ತೆರೆದಾಗ ನೀರಿನೊಂದಿಗೆ ಆಯಿಲ್ ಹೇರಳವಾಗಿ ಬಂದರೆ ಏರ್ ಕಂಪ್ರೆಸರ್‌ನ ರಿಂಗ್ ಸವೆದಿದೆ ಎಂದರ್ಥ. ಆಯಿಲ್ ಖರ್ಚಾಗುತ್ತದೆ, ಆದರೆ ಹೊಗೆಗೆ ಅದು ಕಾರಣವಲ್ಲ. ಬ್ರೇಕಿಗೆ ಮಾತ್ರ ಅಪಾಯ.

3. ಬ್ರೀದರ್ ಮತ್ತು ಏರ್ ಕ್ಲೀನರ್: ಬ್ರೀದರ್ ಕೊಳವೆ ಬಿಚ್ಚಿ ಒಳಗೆ ಗಸಿ ಕಟ್ಟಿದೆಯೇ, ಕೊಳವೆ ಚಪ್ಪಟೆಯಾಗಿದೆಯೇ ನೋಡಿ ಸ್ವಚ್ಛಗೊಳಿಸಬೇಕು. ಏರ್ ಫಿಲ್ಟರ್, ಹೋಸ್, ಕ್ಲಿಪ್ ಪರೀಕ್ಷಿಸಬೇಕು. ಫಿಲ್ಟರ್ ದಾಟಿದ ಮೇಲಿನ ಕೊಳವೆಯ ಒಳಮೈಯಲ್ಲಿ ಕೆಂಧೂಳು ಬೆರಳಿಗೆ ಹತ್ತಿದರೆ ಎಂಜಿನ್ ಧೂಳು ತಿಂದಿರುವುದು ಖಚಿತ.

4. ಬ್ಯಾಕ್ ಕಂಪ್ರೆಷನ್: ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಸುರಿಯುವ ಮುಚ್ಚಳ ತೆಗೆದು ನೋಡುವುದು ಪರಿಚಿತ ಪರೀಕ್ಷೆ. ಸ್ವಲ್ಪ ಹಬೆ ಎಲ್ಲ ಡೀಸೆಲ್ ಎಂಜಿನ್‌ಗಳಲ್ಲೂ ಬರುತ್ತದೆ; ಅದನ್ನೇ ದೋಷವೆನ್ನಲಾಗದು. ತಲೆಕೆಳಗಾಗಿ ಇಟ್ಟ ಮುಚ್ಚಳ ಎಗರಿ ಬೀಳುವಂತೆ ರಭಸದಿಂದ ಗಾಳಿ ನುಗ್ಗಿದರೆ ಮಾತ್ರ ರಿಂಗ್‌ಗಳ ಕಡೆ ಬೆರಳು ತೋರಿಸಬಹುದು. ಬ್ರೀದರ್ ಸ್ವಚ್ಛಗೊಳಿಸಿದ ನಂತರವೇ ಈ ಪರೀಕ್ಷೆ ಮಾಡಬೇಕು.

5. ಟರ್ಬೋ: ಎಂಜಿನ್ ಬಂದ್ ಮಾಡಿ ತಣಿದ ಮೇಲೆ ಗಾಳಿಯ ಹೋಸ್ ಬಿಚ್ಚಿ ಶಾಫ್ಟನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಚಕ್ರದ ರೆಕ್ಕೆ ಗೋಡೆಗೆ ತಾಗುವಷ್ಟು ಆಟವಿದ್ದರೆ ಬೇರಿಂಗ್ ಸವೆದಿದೆ. ಇಂಟರ್‌ಕೂಲರ್‌ಗೆ ಹೋಗುವ ಕೊಳವೆಯಲ್ಲಿ ಆಯಿಲ್ ನಿಂತಿದೆಯೇ ನೋಡಬೇಕು.

6. ಎಕ್ಸಾಸ್ಟ್ ಮ್ಯಾನಿಫೋಲ್ಡ್: ಇಷ್ಟಕ್ಕೂ ಉತ್ತರ ಸಿಗದಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಹೆಡ್‌ನ ಬಾಯಿಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಎಲ್ಲ ಬಾಯಿಗಳೂ ಒಣಗಿದ್ದು ಟರ್ಬೋದ ಹೊರಬಾಗಿಲು ಮಾತ್ರ ಎಣ್ಣೆಯಿಂದ ಒದ್ದೆಯಾಗಿದ್ದರೆ ದೋಷ ಟರ್ಬೋದ್ದು. ಒಂದು ಬಾಯಿ ಮಾತ್ರ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನ ರಿಂಗ್ ಅಥವಾ ಗೈಡ್‌ನದು. ಎಲ್ಲವೂ ಒದ್ದೆಯಾಗಿದ್ದರೆ ಒಟ್ಟಾರೆ ಸವೆತ, ಇಲ್ಲವೇ ಗಾಳಿಯ ದಾರಿಯಿಂದ ಬರುತ್ತಿರುವ ಆಯಿಲ್.

7. ಕಂಪ್ರೆಷನ್ ಮತ್ತು ಗಾಳಿ ಸೋರಿಕೆ: ಡೀಸೆಲ್‌ಗೆಂದೇ ಇರುವ ಗೇಜಿನಿಂದ ಪ್ರತಿ ಸಿಲಿಂಡರ್‌ನ ಒತ್ತಡ ಅಳೆದು ಹೋಲಿಸಬೇಕು. ಪೆಟ್ರೋಲ್ ಎಂಜಿನ್ನಿನ ಗೇಜು ಈ ಒತ್ತಡ ತಾಳಲಾರದು. ಹೊರಗಿನ ಕಂಪ್ರೆಸರ್‌ನಿಂದ ಸಿಲಿಂಡರ್‌ಗೆ ಗಾಳಿ ಕೊಟ್ಟು ಕಿವಿಗೊಡುವುದು ಇನ್ನೂ ಖಚಿತ. ಗಾಳಿಯ ಸದ್ದು ಆಯಿಲ್ ಮುಚ್ಚಳದ ಬಳಿ ಕೇಳಿದರೆ ರಿಂಗ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಒತ್ತಡ ಚೆನ್ನಾಗಿದ್ದೂ ಬಾಯಿಗಳು ಒದ್ದೆಯಾಗಿದ್ದರೆ ಗೈಡ್‌ಗಳ ಸರದಿ.

ದುರಸ್ತಿ: ಯಾವುದು ಮೊದಲು?

ಆಯಿಲ್ ಮಟ್ಟ, ಬ್ರೀದರ್, ಏರ್ ಕ್ಲೀನರ್, ಟರ್ಬೋದ ಡ್ರೈನ್ ಕೊಳವೆ ಇವೆಲ್ಲ ಅರ್ಧ ದಿನದ ಕೆಲಸ. ಇವುಗಳನ್ನು ಸರಿಪಡಿಸಿ ಕೆಲವು ನೂರು ಕಿಲೋಮೀಟರ್ ಓಡಿಸಿ ನೋಡಬೇಕು. ಸೈಲೆನ್ಸರ್‌ನಲ್ಲಿ ಮೊದಲೇ ಸೇರಿಕೊಂಡ ಆಯಿಲ್ ಸುಟ್ಟುಹೋಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಮರುದಿನವೇ ಹೊಗೆ ನಿಂತಿಲ್ಲವೆಂದು ಹತಾಶರಾಗಬೇಕಿಲ್ಲ.

ಟರ್ಬೋ ಬದಲಿಸುವುದಾದರೆ ಹಳೆಯದು ಕೆಟ್ಟ ಕಾರಣವನ್ನು ಮೊದಲು ನಿವಾರಿಸಬೇಕು. ಆಯಿಲ್ ಕೊಡುವ ಕೊಳವೆ, ಇಳಿಸುವ ಕೊಳವೆ ಎರಡನ್ನೂ ಸ್ವಚ್ಛಗೊಳಿಸಿ, ಆಯಿಲ್ ಹಾಗೂ ಫಿಲ್ಟರ್ ಬದಲಿಸಿ, ಇಂಟರ್‌ಕೂಲರ್‌ನಲ್ಲಿ ನಿಂತ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ಇಲ್ಲವಾದರೆ ಹೊಸ ಟರ್ಬೋ ಕೂಡ ಅದೇ ದಾರಿ ಹಿಡಿಯುತ್ತದೆ.

ಗೈಡ್, ಸೀಲ್‌ಗಳಿಗೆ ಹೆಡ್ ಇಳಿಸಿ ಲೇತ್ ಕೆಲಸ ಮಾಡಿಸಬೇಕು. ಗೈಡ್ ಅಗಲವಾಗಿದ್ದಾಗ ಸೀಲ್ ಮಾತ್ರ ಹೊಸದು ಹಾಕಿದರೆ ಅಲುಗಾಡುವ ವಾಲ್ವ್ ಅದನ್ನು ಬೇಗ ಹಾಳುಮಾಡುತ್ತದೆ.

ರಿಂಗ್, ಲೈನರ್ ದೋಷವೆಂದು ಖಚಿತವಾದರೆ ಅರೆಮನಸ್ಸಿನ ಕೆಲಸ ಸಲ್ಲದು. ಲೈನರ್‌ನ ಸವೆತವನ್ನು ಮೇಲೆ, ನಡುವೆ, ಕೆಳಗೆ ಬೋರ್ ಗೇಜಿನಿಂದ ಅಳತೆ ಮಾಡಿಸಬೇಕು. ಸವೆದ ಲೈನರ್‌ಗೆ ಹೊಸ ರಿಂಗ್ ಮಾತ್ರ ಹಾಕಿದರೆ ಹೊಗೆ ಕೆಲವು ತಿಂಗಳಲ್ಲಿ ಮರಳುತ್ತದೆ. ಹೊಸ ರಿಂಗ್‌ನ ಬಾಯಿಯ ಅಂತರ ಅಳೆದು, ಬಾಯಿಗಳು ಒಂದರ ಕೆಳಗೊಂದು ಬಾರದಂತೆ ಕೂರಿಸಬೇಕು. ಬೇರಿಂಗ್‌ಗಳ ಸ್ಥಿತಿ, ಆಯಿಲ್ ಒತ್ತಡ ಚೆನ್ನಾಗಿದ್ದರೆ ಕ್ರ್ಯಾಂಕ್ ತೆಗೆಯದೆ ‘ಹಾಫ್ ಎಂಜಿನ್’ ಕೆಲಸದಲ್ಲೇ ಮುಗಿಸಬಹುದು. ಏರ್ ಫಿಲ್ಟರ್ ದಾರಿಯನ್ನು ಸರಿಪಡಿಸದೆ ಲೈನರ್ ಬದಲಿಸುವುದು ಮಾತ್ರ ಹಣವನ್ನು ಧೂಳಿಗೆ ಸುರಿದಂತೆ.

ಹೊಸ ರಿಂಗ್ ಹಾಕಿದ ಲಾರಿಯನ್ನು ಐಡ್ಲಿಂಗ್‌ನಲ್ಲಿ ಗಂಟೆಗಟ್ಟಲೆ ಬಿಡಬಾರದು. ಹದವಾದ ಲೋಡ್‌ನಲ್ಲಿ, ವೇಗ ಬದಲಿಸುತ್ತ ಓಡಿಸಿದರೆ ರಿಂಗ್‌ಗಳು ಚೆನ್ನಾಗಿ ಕೂಡುತ್ತವೆ. ಮೊದಲ ಆಯಿಲ್ ಬದಲಾವಣೆ ಬೇಗ ಆಗಬೇಕು.

ಮಾಡಬಾರದ ಕೆಲಸಗಳು

ಮಂದವಾದ ಆಯಿಲ್ ಹಾಕಿ ಅಥವಾ ಡಬ್ಬಿಯಲ್ಲಿ ಸಿಗುವ ‘ಹೊಗೆ ನಿಲ್ಲಿಸುವ’ ದ್ರಾವಣ ಸುರಿದು ಹೊಗೆ ಮರೆಮಾಡುವುದು ಪರಿಹಾರವಲ್ಲ. ಕೆಲವು ದಿನ ಹೊಗೆ ತಗ್ಗಬಹುದು, ಸವೆತ ಮುಂದುವರಿಯುತ್ತದೆ. ಹೇಗಿದ್ದರೂ ಉರಿದುಹೋಗುತ್ತದೆಂದು ಹಳೆಯ ಆಯಿಲ್ ಸೋಸಿ ಸುರಿಯುವುದು ಬೇರಿಂಗ್‌ಗಳಿಗೂ ಮಾರಕ.

ಎಲ್ಲಕ್ಕಿಂತ ದೊಡ್ಡ ಅಪಾಯ ಎಂಜಿನ್ ಹತೋಟಿ ತಪ್ಪುವುದು. ಟರ್ಬೋ ಅಥವಾ ಏರ್ ಕ್ಲೀನರ್‌ನಿಂದ ಹೇರಳ ಆಯಿಲ್ ಒಳನುಗ್ಗಿದಾಗ ಡೀಸೆಲ್ ಎಂಜಿನ್ ಆ ಆಯಿಲ್ಲನ್ನೇ ಇಂಧನವಾಗಿಸಿಕೊಂಡು ತನ್ನಷ್ಟಕ್ಕೆ ವೇಗ ಏರಿಸಿಕೊಳ್ಳುತ್ತದೆ. ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಗಾಳಿಯನ್ನು ತಡೆಯುವುದೇ ಪರಿಹಾರ. ಗಾಳಿಯ ಬಾಯಿಗೆ ಗಟ್ಟಿಯಾದ ಹಲಗೆಯನ್ನು ಒತ್ತಿ ಮುಚ್ಚಬೇಕೇ ಹೊರತು ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬಾರದು. ಬ್ರೇಕ್ ಬಿಗಿಹಿಡಿದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಆರಿಸುವುದು ಇನ್ನೊಂದು ದಾರಿ. ಆದರೆ ಮುಂದೆ ಜನರಿಲ್ಲವೆಂಬುದು ಖಚಿತವಿರಬೇಕು. ಸಾಧ್ಯವಾಗದಿದ್ದರೆ ದೂರ ಸರಿಯುವುದೇ ಕ್ಷೇಮ.

ಕಾನೂನು ಮತ್ತು ಆರೋಗ್ಯ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದಂತೆ ಹೊಗೆ ತಪಾಸಣೆ ಪ್ರಮಾಣಪತ್ರ ಕಡ್ಡಾಯ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ದಟ್ಟಣೆ 65 ಹಾರ್ಟ್ರಿಡ್ಜ್ ಮಾನವನ್ನು, ಬಿಎಸ್-4 ವಾಹನಗಳಿಗೆ 50ನ್ನು ಮೀರುವಂತಿಲ್ಲ. ಹಳೆಯ ವಾಹನಗಳು ಆರು ತಿಂಗಳಿಗೊಮ್ಮೆ ಪ್ರಮಾಣಪತ್ರ ಪಡೆಯಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿ ಹೊಗೆ ನಿಯಮದ ಉಲ್ಲಂಘನೆಗೆ 10 ಸಾವಿರ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಗಳು ಪ್ರತಿವರ್ಷ ಅರ್ಹತಾ ಪತ್ರ ನವೀಕರಿಸಬೇಕು.

ಈ ತಪಾಸಣಾ ಯಂತ್ರ ಅಳೆಯುವುದು ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದನ್ನು ಮಾತ್ರ. ತೆಳು ನೀಲಿ ಹೊಗೆಯ ಲಾರಿ ಇದರಲ್ಲಿ ಉತ್ತೀರ್ಣವಾಗಲೂಬಹುದು. ಪ್ರಮಾಣಪತ್ರ ಸಿಕ್ಕಿತೆಂದರೆ ಎಂಜಿನ್ ಆರೋಗ್ಯವಾಗಿದೆ ಎಂದಲ್ಲ. ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಸೇರಿಸಿದೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಸೇವಿಸುವವರು ಚಾಲಕ, ಕ್ಲೀನರ್, ಗ್ಯಾರೇಜಿನ ಹುಡುಗರು ಮತ್ತು ಗಿರಣಿಯ ಹಮಾಲರು.

ದುರಸ್ತಿಯೋ, ವಿದಾಯವೋ?

ದೆಹಲಿ ರಾಜಧಾನಿ ಪ್ರದೇಶದ ಮಾದರಿಯಲ್ಲಿ ವಯಸ್ಸನ್ನೇ ಆಧರಿಸಿ ಖಾಸಗಿ ಲಾರಿಗಳನ್ನು ರಸ್ತೆಯಿಂದ ಇಳಿಸುವ ನಿಯಮ ಕರ್ನಾಟಕದಲ್ಲಿಲ್ಲ. 2021ರಲ್ಲಿ ಕೇಂದ್ರ ಪ್ರಕಟಿಸಿದ ಗುಜರಿ ನೀತಿಯೂ ಮುಖ್ಯವಾಗಿ ವಾಹನದ ಅರ್ಹತೆಯನ್ನೇ ನೋಡುತ್ತದೆ. ಹೀಗಾಗಿ ನಿರ್ಧಾರ ಮಾಲೀಕನದು. ಚಾಸಿ, ಗೇರ್ ಬಾಕ್ಸ್, ಆಕ್ಸಲ್ ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಸವೆದಿದ್ದರೆ ದುರಸ್ತಿ ಸಮಂಜಸ. ಚಾಸಿಗೂ ಬಿರುಕು ಬಂದಿದ್ದರೆ ಎಂಜಿನ್‌ಗೆ ಸುರಿದ ಹಣ ಮರಳುವುದು ಕಷ್ಟ. ಹಳೆಯ ಲಾರಿ ಕೊಳ್ಳುವವರಿಗೂ ಇದೇ ಮಾತು ಅನ್ವಯ: ಮಾರುವವರು ಎಂಜಿನ್ ಬಿಸಿ ಮಾಡಿ ತೋರಿಸಿದರೆ ಒಪ್ಪದೆ, ರಾತ್ರಿಯಿಡೀ ತಣಿದ ಲಾರಿಯನ್ನು ಬೆಳಿಗ್ಗೆ ತಾವೇ ನಿಂತು ಸ್ಟಾರ್ಟ್ ಮಾಡಿಸಿ ನೋಡಬೇಕು.

ಯಾವುದೇ ಗ್ಯಾರೇಜಿನಲ್ಲಿ ‘ಎಂಜಿನ್ ಇಳಿಸೋಣ’ ಎಂಬ ಮಾತು ಬಂದಾಗ ಮಾಲೀಕರು ಕೇಳಬೇಕಾದ ಪ್ರಶ್ನೆಗಳು ಮೂರು. ಬ್ರೀದರ್ ಮತ್ತು ಟರ್ಬೋ ಡ್ರೈನ್ ನೋಡಿದಿರಾ? ಯಾವ ಸಿಲಿಂಡರ್‌ನ ಬಾಯಿ ಒದ್ದೆಯಾಗಿದೆ? ಕಂಪ್ರೆಷನ್ ಎಷ್ಟು ಬಂತು? ಈ ಮೂರಕ್ಕೂ ನಿಖರವಾದ ಉತ್ತರ ದೊರೆತ ಬಳಿಕ ಎಂಜಿನ್ ಬಿಚ್ಚಿದರೆ ಅದು ಲೆಕ್ಕ ಹಾಕಿ ಮಾಡಿದ ಖರ್ಚು. ಉತ್ತರವಿಲ್ಲದೆ ಬಿಚ್ಚಿದರೆ ಊಹೆಯ ಮೇಲೆ ಮಾಡಿದ ಸಾಲ.